ಬರವಣಿಗೆ ತರಗತಿಯಲ್ಲಿ ಸುಧಾರಿಸುತ್ತಿದ್ದೇನೆ ಅಂತ ನಿಮಗೆ ಗೊತ್ತಾಗಿದ್ದು ಹೇಗೆ?

ನೀವು ಕೇಳಿರುವುದು ಇಷ್ಟು: ಕನ್ನಡ ಬರವಣಿಗೆ ತರಗತಿಗೆ ಸೇರಿ ನಾಲ್ಕು ತಿಂಗಳಾಗಿದೆ. ವಾರ ತಪ್ಪದೆ ಬರೆಯುತ್ತಿದ್ದೀರಿ. ಆದರೂ ಸೇರುವ ಮೊದಲೇ ಚೆನ್ನಾಗಿ ಬರೆಯುತ್ತಿದ್ದೆ ಅನ್ನಿಸುತ್ತಿದೆ. ಬಿಟ್ಟುಬಿಡಲಾ ಅಂತ ಕೇಳಿದ್ದೀರಿ.

ನಾನು ಕಲಿಸುವವಳಲ್ಲ. ನಿಮ್ಮ ಹಾಗೇ ಕಲಿಯುವವಳು. ಸೇರಿ ಏಳು ತಿಂಗಳಾಯಿತು, ಅಂದರೆ ನಿಮಗಿಂತ ಮೂರು ತಿಂಗಳು ಮುಂದೆ ಇದ್ದೇನೆ, ಅಷ್ಟೇ. ಹಾಗಾಗಿ ಇಲ್ಲಿ ಸಲಹೆ ಕಡಿಮೆ, ನನ್ನ ಪುರಾಣ ಜಾಸ್ತಿ.

ನಮ್ಮೂರು ಚಳ್ಳಕೆರೆ ಹತ್ತಿರ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮಾಧ್ಯಮ. ಈಗ ಬೆಂಗಳೂರಿನಲ್ಲಿ ಒಂದು ಸಾಗಣೆ ಕಂಪನಿಯಲ್ಲಿ ಕೆಲಸ. ದಿನಕ್ಕೆ ನಲವತ್ತು ಇಂಗ್ಲಿಷ್ ಮೇಲ್ ಬರೆಯುತ್ತೇನೆ, ಎಲ್ಲವೂ ಲಾರಿ ಯಾಕೆ ತಡವಾಯಿತು ಅನ್ನುವುದರ ಮೇಲೆ. ಕನ್ನಡ ಬರೆಯುವುದು ಪೂರ್ತಿ ನಿಂತೇ ಹೋಗಿತ್ತು. ಕಳೆದ ಜೂನ್‌ನಲ್ಲಿ ಬಸವನಗುಡಿ ಕಡೆ ಭಾನುವಾರದ ತರಗತಿ ಇದೆ ಅಂತ ಗೊತ್ತಾಗಿ ಸೇರಿದೆ. ಹನ್ನೊಂದು ಜನ. ಕಲಿಸುವವರು ನಿವೃತ್ತ ಕನ್ನಡ ಉಪನ್ಯಾಸಕಿ, ನಾವೆಲ್ಲ ಮೇಡಂ ಅನ್ನುತ್ತೇವೆ. ಅಂಕ ಕೊಡುವುದಿಲ್ಲ. ಪೆನ್ಸಿಲ್‌ನಲ್ಲಿ ಎರಡೇ ಗುರುತು. ನೇರ ಗೆರೆ ಎಳೆದರೆ ‘ಇಲ್ಲಿ ನಾನು ಒಂದು ಕ್ಷಣ ನಿಂತೆ’ ಅಂತ. ಅಂಕುಡೊಂಕು ಗೆರೆ ಎಳೆದರೆ ‘ಇದು ಯಾರ ಮಾತು?’ ಅಂತ.

ಮೊದಲ ವಾರ ನಮ್ಮ ಹೊಲದ ಬಗ್ಗೆ ಬರೆದುಕೊಂಡು ಹೋದೆ. ಮೂರು ಪುಟ. ಪುಟದ ತುಂಬ ಅಂಕುಡೊಂಕು ಗೆರೆ. ನೇರ ಗೆರೆ ಒಂದೂ ಇರಲಿಲ್ಲ.

ಮೊದಲ ಡೊಂಕು ಗೆರೆ ಬಿದ್ದಿದ್ದು ‘ನೆಲಗಡಲೆ’ ಅನ್ನುವ ಪದದ ಕೆಳಗೆ. ಮೇಡಂ ಕೇಳಿದರು, “ಮನೆಯಲ್ಲಿ ಇದಕ್ಕೆ ಏನಂತೀರಿ?” ನಾನು ಶೇಂಗಾ ಅಂದೆ. “ಇಲ್ಲಿ ಕಾರ್ತಿಕದ ಕೊನೇ ಸೋಮವಾರ ಪರಿಷೆ ಆಗುತ್ತಲ್ಲ, ಅಲ್ಲಿ ಮಾರೋದು ಕಡಲೆಕಾಯಿ. ನಿಮ್ಮ ಹೊಲದ್ದು ಶೇಂಗಾ. ಈ ನೆಲಗಡಲೆ ಎಲ್ಲಿಂದ ಬಂತು?” ನನಗೆ ಉತ್ತರ ಹೊಳೆಯಲಿಲ್ಲ. ಕೃಷಿ ಇಲಾಖೆಯ ಯಾವುದೋ ಕರಪತ್ರದಿಂದ ಬಂದಿರಬೇಕು. ಅಷ್ಟರಲ್ಲಿ ಪಕ್ಕದಲ್ಲಿದ್ದ ಮಂಗಳೂರಿನ ಹುಡುಗಿ, “ನಮ್ಮ ಕಡೆ ನೆಲಗಡಲೆ ಅಂತಲೇ ಹೇಳೋದು ಮೇಡಂ” ಅಂದಳು. ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕು, “ಹಾಗಾದರೆ ಪದ ಅವಳದು, ಅವಳಿಗೆ ವಾಪಸ್ ಕೊಡಿ” ಅಂದರು.

ಈ ಮಾತು ನನಗೆ ತುಂಬಾ ಹಿಡಿಸಿತು. ಪುಸ್ತಕದ ಕನ್ನಡ ಕೆಟ್ಟದ್ದು, ಆಡುಮಾತು ಒಳ್ಳೆಯದು ಅಂತ ಅವರು ಹೇಳಲಿಲ್ಲ. ಪದ ಬದುಕಿದೆ, ಆದರೆ ನಿನ್ನ ಮನೆಯಲ್ಲಿ ಬದುಕಿಲ್ಲ ಅಂದರು. ಎರಡೂ ಬೇರೆ ಬೇರೆ ಮಾತು, ಅಲ್ವಾ?

ಆದರೆ ನನಗೆ ಆಗ ಅದು ಅರ್ಥವಾಗಿದ್ದು ಅರ್ಧ ಮಾತ್ರ. ಮುಂದಿನ ವಾರ ಪೂರ್ತಿ ನಮ್ಮೂರ ಮಾತಿನಲ್ಲೇ ಬರೆದುಕೊಂಡು ಹೋದೆ. ‘ಹೊಲ್ದಾಗೆ’, ‘ಹೋಗ್ಯಾನೆ’, ‘ಐತೆ’ ಅಂತ ಪುಟಗಟ್ಟಲೆ. ಓದುವಾಗ ದನಿಯನ್ನೂ ಸ್ವಲ್ಪ ಎತ್ತರಿಸಿದ್ದೆ. ನಮ್ಮ ತರಗತಿಯಲ್ಲೇ ಕಲಿಯುವ ಬ್ಯಾಂಕ್ ಅಂಕಲ್ ಚಪ್ಪಾಳೆ ತಟ್ಟಿದರು. ಮೇಡಂ ಮಾತ್ರ ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, “ಹೋದ ವಾರ ನೀವು ಮೇಷ್ಟ್ರ ಹಾಗೆ ನಟಿಸಿದಿರಿ. ಈ ವಾರ ಹಳ್ಳಿಯವರ ಹಾಗೆ ನಟಿಸ್ತಿದ್ದೀರಿ” ಅಂದರು. ಆ ದಿನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಅಳು ಬಂತು. ಸುಳ್ಳು ಹೇಳುವುದಿಲ್ಲ, ಸಿಟ್ಟೂ ಬಂತು.

ಜುಲೈ ಆಗಸ್ಟ್ ಪೂರ್ತಿ ಸಣ್ಣ ಸಣ್ಣ ರಿಪೇರಿಯಲ್ಲೇ ಕಳೆಯಿತು. ಒಂದು ಸಂಜೆ ಕೂತು ನನ್ನ ಮೊದಲ ಬರಹದ ಪದ ಎಣಿಸಿದೆ. ಒಟ್ಟು 412 ಪದ. ಅದರಲ್ಲಿ ‘ಮತ್ತು’ 19 ಸಲ, ‘ಒಂದು’ ಮತ್ತು ‘ಒಬ್ಬ’ ಸೇರಿ 14 ಸಲ. (ನೋಡಿ, ಇಲ್ಲೂ ಒಂದು ‘ಮತ್ತು’ ಬಂತು.) ನಾವು ಮಾತಾಡುವಾಗ ‘ಅಪ್ಪ ಅಮ್ಮ’ ಅನ್ನುತ್ತೇವೆ, ‘ರಾಗಿನೂ ಜೋಳನೂ’ ಅನ್ನುತ್ತೇವೆ. ‘ಮತ್ತು’ ಹಾಕಿ ಯಾರೂ ಮಾತಾಡುವುದಿಲ್ಲ. ‘ನನ್ನ ತಂದೆ ಒಬ್ಬ ರೈತ’ ಅಂತ ಬರೆದಿದ್ದೆ. ‘ಒಬ್ಬ’ ಯಾಕೆ? ಅಪ್ಪ ಇರುವುದೇ ಒಬ್ಬ! ಅದು ನನ್ನ ಆಫೀಸಿನ ಮೇಲ್‌ಗಳಿಂದ ನುಸುಳಿದ ಇಂಗ್ಲಿಷ್ ಅಂತ ಆಗ ಗೊತ್ತಾಯಿತು. ‘ಅವನು’ ‘ಅವಳು’ ಕೂಡ ಹಾಗೇ. ಕನ್ನಡದಲ್ಲಿ ಕ್ರಿಯಾಪದದ ಬಾಲದಲ್ಲೇ ಗಂಡೋ ಹೆಣ್ಣೋ, ಒಬ್ಬರೋ ಹಲವರೋ ಎಲ್ಲ ಇರುತ್ತದೆ. ‘ಬಂದಳು’ ಅಂದರೆ ಸಾಕು, ಯಾರು ಅಂತ ಓದುವವರಿಗೆ ಆಗಲೇ ಗೊತ್ತಿರುತ್ತದೆ. ಪ್ರತಿ ವಾಕ್ಯಕ್ಕೂ ‘ಅವಳು’ ಅಂಟಿಸುವುದು ಲಾರಿಯ ಒಂದೇ ಕಡೆ ಎರಡೆರಡು ನಂಬರ್ ಪ್ಲೇಟ್ ಹಾಕಿದ ಹಾಗೆ.

ಕಾಗುಣಿತದ ಕಡೆ ಬ್ಯಾಂಕ್ ಅಂಕಲ್ ಕಾವಲು. ‘ಕೋಟ್ಯಾಂತರ’ ಅಂತ ಬರೆದರೆ ಅವರಿಗೆ ನಿದ್ದೆ ಬರುವುದಿಲ್ಲ. ಲಕ್ಷದ ಕೊನೆಯಲ್ಲಿ ಅಕಾರ ಇದೆ, ಮುಂದೆ ‘ಅಂತರ’ ಬಂದರೆ ‘ಲಕ್ಷಾಂತರ’ ಆಗುತ್ತದೆ. ಕೋಟಿಯ ಕೊನೆಯಲ್ಲಿ ಇಕಾರ, ಹಾಗಾಗಿ ‘ಕೋಟ್ಯಂತರ’. ದೀರ್ಘ ಬರುವುದಿಲ್ಲ. ‘ಜಾತ್ಯತೀತ’ ಕೂಡ ಹಾಗೇ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ 1991ರಿಂದ ‘ಇಗೋ ಕನ್ನಡ’ ಬರೆಯುತ್ತಿದ್ದರಲ್ಲ, ಆ ಅಂಕಣದ ತುಣುಕುಗಳನ್ನು ಕತ್ತರಿಸಿ ಒಂದು ಫೈಲಿನಲ್ಲಿ ಅಂಟಿಸಿಟ್ಟಿದ್ದಾರೆ ಅಂಕಲ್. ಅನುಮಾನ ಬಂದರೆ ನ್ಯಾಯಾಲಯದಲ್ಲಿ ದಾಖಲೆ ತೆಗೆದ ಹಾಗೆ ಆ ಫೈಲ್ ತೆಗೆಯುತ್ತಾರೆ. ಇಂಥ ತಪ್ಪು ತಿದ್ದಿಕೊಂಡಿದ್ದೇನೆ. ಆದರೆ ಅದನ್ನು ನಾನು ಬರವಣಿಗೆಯ ಸುಧಾರಣೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಹಲ್ಲುಜ್ಜಿದ ಹಾಗೆ.

ನಿಜವಾಗಿ ನನ್ನನ್ನು ಅಲ್ಲಾಡಿಸಿದ್ದು ರೈಟರ್ ಸಾಹೇಬ್ರು.

ಅವರು ಪೊಲೀಸ್ ಹೆಡ್ ಕಾನ್‌ಸ್ಟೇಬಲ್, ನಿವೃತ್ತಿಗೆ ಹತ್ತಿರ. ಠಾಣೆಯಲ್ಲಿ ದೂರು, ಹೇಳಿಕೆ, ಮಹಜರು ಎಲ್ಲ ಬರೆಯುವವರಿಗೆ ‘ರೈಟರ್’ ಅಂತಲೇ ಕರೆಯುತ್ತಾರಲ್ಲ, ಅದು ಅವರ ಕೆಲಸ. ಮೊದಲ ದಿನ ಪರಿಚಯ ಹೇಳಿಕೊಳ್ಳುವಾಗ “ನಮ್ಮಲ್ಲಿ ನಿಜವಾದ ರೈಟರ್ ನಾನೊಬ್ಬನೇ” ಅಂದಿದ್ದರು. ಅವರ ಕನ್ನಡ ಕೇಳಿದರೆ ನಮಗೆಲ್ಲ ನಗು. ‘ಸದರಿ’ ಇಲ್ಲದೆ ವಾಕ್ಯ ಇಲ್ಲ. ‘ಇರುತ್ತದೆ’ ಇಲ್ಲದೆ ಮುಕ್ತಾಯ ಇಲ್ಲ. ಸದರಿ, ಪಿರ್ಯಾದಿ, ಜಪ್ತಿ, ಆಸಾಮಿ ಇವೆಲ್ಲ ಅರಬ್ಬಿ ಫಾರಸಿಯಿಂದ ಬಂದವು, ಸುಲ್ತಾನರ ಕಾಲದ ಕಚೇರಿಗಳಿಂದ ಹಾಗೇ ಉಳಿದುಕೊಂಡವು ಅಂತ ಮೇಡಂ ಹೇಳಿದರು. ಅದಕ್ಕೆ ಸಾಹೇಬ್ರು, “2024ರ ಜುಲೈ 1ಕ್ಕೆ ಐಪಿಸಿ ಹೋಗಿ ಹೊಸ ಸಂಹಿತೆ ಬಂತು ಮೇಡಂ. ಕಲಂ ನಂಬರ್ ಎಲ್ಲ ಬದಲಾಯ್ತು. ಸದರಿ ಮಾತ್ರ ಬದಲಾಗಲಿಲ್ಲ” ಅಂದರು.

ಸೆಪ್ಟೆಂಬರ್‌ನಲ್ಲಿ ಒಂದು ಭಾನುವಾರ ಅವರು ತಮ್ಮ ತಾಯಿ ತೀರಿಕೊಂಡ ದಿನದ ಬಗ್ಗೆ ಬರೆದು ತಂದಿದ್ದರು. “ಬೆಳಗಿನ ಜಾವ ಸುಮಾರು 4-30 ಗಂಟೆ ಸಮಯದಲ್ಲಿ ಸದರಿ ನನ್ನ ತಾಯಿಯವರು ಮೃತಪಟ್ಟಿರುತ್ತಾರೆ” ಅಂತ ಶುರು. ‘ಸದರಿ ನನ್ನ ತಾಯಿ’ ಅಂದಾಗ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವರು ತಲೆ ಎತ್ತದೆ ಓದುತ್ತಾ ಹೋದರು. “ಆ ಸಮಯದಲ್ಲಿ ನಾನು ಸದರಿ ಸ್ಥಳದಿಂದ 40 ಕಿಲೋಮೀಟರ್ ದೂರದಲ್ಲಿ ಬಂದೋಬಸ್ತ್ ಕರ್ತವ್ಯದಲ್ಲಿರುತ್ತೇನೆ. ತಲೆದಿಂಬಿನ ಕೆಳಗೆ ಪರಿಶೀಲಿಸಲಾಗಿ, ಹತ್ತು ರೂಪಾಯಿಯ 3 ನೋಟುಗಳು, ಅಡಿಕೆ ಹೋಳು 1, ಸಮವಸ್ತ್ರದಲ್ಲಿರುವ ನನ್ನ ಫೋಟೋ 1 ಇರುತ್ತವೆ.”

ಆಮೇಲೆ ಯಾರೂ ನಗಲಿಲ್ಲ. ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು. ಮೇಡಂ ಅವರ ಹಾಳೆ ತೆಗೆದುಕೊಂಡು ಆ ಕೊನೆಯ ವಾಕ್ಯದ ಕೆಳಗೆ ನೇರ ಗೆರೆ ಎಳೆದರು. “ಒಂದು ಸದರಿ ತೆಗೀರಿ. ಇನ್ನೊಂದು ಇರಲಿ” ಅಂದರು.

ನಾನು ಅಮ್ಮನ ಬಗ್ಗೆ, ಅಪ್ಪನ ಬಗ್ಗೆ ‘ತ್ಯಾಗಮಯಿ’, ‘ಕಷ್ಟಜೀವಿ’ ಅಂತೆಲ್ಲ ಬರೆದಿದ್ದೆ. ಈ ಮನುಷ್ಯ ದಿಂಬಿನ ಕೆಳಗೆ ಏನಿತ್ತು ಅಂತ ಮಹಜರು ಬರೆದಿದ್ದಾರೆ. ಅವರಿಗೆ ಅದು ರೂಢಿ. ಸಾಕ್ಷಿ ಇಲ್ಲದ್ದನ್ನು ಬರೆಯುವ ಹಾಗಿಲ್ಲ, ಸಮಯ ಹಾಕದೆ ಬಿಡುವ ಹಾಗಿಲ್ಲ. ‘ದುಃಖವಾಯಿತು’ ಅಂತ ಮಹಜರಿನಲ್ಲಿ ಬರೆದರೆ ಕೋರ್ಟಿನಲ್ಲಿ ನಡೆಯುವುದಿಲ್ಲವಲ್ಲ.

ಅದಾದ ಮೇಲೆಯೇ ನನ್ನ ಕೆಟ್ಟ ಕಾಲ ಶುರುವಾಗಿದ್ದು. ನೀವು ನಾಲ್ಕು ತಿಂಗಳು ಅಂದಿರಲ್ಲ, ನನಗೂ ಅದು ನಾಲ್ಕನೇ ತಿಂಗಳು. ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಮೂರು ಭಾನುವಾರ ಅರ್ಧ ಪುಟ ಕೂಡ ಆಗಲಿಲ್ಲ. ಬರೆದ ಪ್ರತಿ ವಾಕ್ಯವೂ ಸುಳ್ಳು ಅನ್ನಿಸುತ್ತಿತ್ತು. ಫೋನಿನಲ್ಲಿ ಟೈಪ್ ಮಾಡಿದರೆ ಇನ್ನೂ ಕಷ್ಟ. ‘ಹೃತ್ಪೂರ್ವಕ’ ಅಂದರೆ ಸಾಕು, ಮುಂದಿನ ಪದ ‘ಅಭಿನಂದನೆಗಳು’ ಅಂತ ಅದೇ ತೋರಿಸುತ್ತದೆ. ಹಾಳೆ, ಪೆನ್ನಿಗೆ ವಾಪಸ್ ಬಂದೆ. ಅದರಿಂದಲೂ ಏನೂ ಆಗಲಿಲ್ಲ. ಒಂದು ದಿನ ತರಗತಿ ಮುಗಿದ ಮೇಲೆ ಮೇಡಂಗೆ “ನಾನು ಇನ್ನೂ ಕೆಟ್ಟದಾಗಿ ಬರೀತಿದ್ದೀನಿ” ಅಂದೆ. ಅವರು, “ಇಲ್ಲ, ಮೊದಲಿನಷ್ಟೇ ಕೆಟ್ಟದಾಗಿದೆ. ಈಗ ನಿಮಗೆ ಕಾಣಿಸ್ತಿದೆ” ಅಂದರು. ಸಮಾಧಾನ ಮಾಡುವ ಅಭ್ಯಾಸ ಅವರಿಗಿಲ್ಲ.

ಇದು ನನಗೆ ಸರಿಯಾಗಿ ಹೊಳೆದಿದ್ದು ಅಮ್ಮನಿಂದ. ಎರಡು ವರ್ಷದ ಹಿಂದೆ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ವಾರ ಮೊರ ಹಿಡಿದು ಕೂತವಳು, ಎದ್ದು ನೇರ ಅಂಗಡಿಗೆ ಹೋಗಿ, ಅಕ್ಕಿಯಲ್ಲಿ ಇಷ್ಟು ಕಲ್ಲು ಯಾವಾಗಿಂದ ಹಾಕೋಕೆ ಶುರು ಮಾಡಿದ್ದೀಯ ಅಂತ ಜಗಳ ತೆಗೆದಿದ್ದಳು. ಪಾಪ ಅಂಗಡಿಯವನದೇನು ತಪ್ಪು. ನಿಮ್ಮ ಪ್ರಶ್ನೆ ಓದಿದಾಗ ನನಗೆ ಮೊದಲು ನೆನಪಾಗಿದ್ದು ಇದೇ. ನಾಲ್ಕು ತಿಂಗಳು ಅಂದಿರಲ್ಲ, ನಿಮಗೆ ಪಟ್ಟಿ ಬಿಚ್ಚಿದ್ದಾರೆ ಅಂತ ಕಾಣುತ್ತದೆ. ಈಗ ಬಿಟ್ಟರೆ ಕಲ್ಲು ಎಣಿಸಿ ಎದ್ದು ಹೋದ ಹಾಗಾಗುತ್ತದೆ.

ಇನ್ನು ‘ಅಪ್ಪ’ನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನನ್ನ ಮೊದಲ ಬರಹದಲ್ಲಿ ಹೀಗೊಂದು ವಾಕ್ಯ ಇತ್ತು: “ನನ್ನ ತಂದೆಯವರು ಒಬ್ಬ ಕಷ್ಟಜೀವಿ ರೈತರಾಗಿದ್ದು, ಅವರಿಂದ ನಾನು ಅನೇಕ ಜೀವನ ಮೌಲ್ಯಗಳನ್ನು ಕಲಿತಿರುತ್ತೇನೆ.” ಈಗ ಓದಿದರೆ ಮೈ ಜುಮ್ಮೆನ್ನುತ್ತದೆ, ನಾಚಿಕೆಯಿಂದ. ಮೇಡಂ ಆಗಲೇ ‘ತಂದೆಯವರು’ ಕೆಳಗೆ ಡೊಂಕು ಗೆರೆ ಎಳೆದಿದ್ದರು. ‘ಅಪ್ಪ’ ಅಂತ ಬದಲಾಯಿಸಿದೆ. ‘ಅಪ್ಪ ಬಂದರು’, ‘ಅಪ್ಪ ನೋಡಿದರು’. ಆಗಲೂ ಗೆರೆ ಹೋಗಲಿಲ್ಲ. “ಮನೆಯಲ್ಲಿ ಅಪ್ಪ ಬಂದರು ಅಂತೀರೋ, ಬಂದ ಅಂತೀರೋ?” ಮನೆಯಲ್ಲಿ ‘ಅಪ್ಪ ಬಂದ’ ಅಂತಲೇ ಹೇಳುವುದು. ಮುಂದೆ ನಿಂತು ಮಾತಾಡುವಾಗಲೂ ‘ನೀನು’ ಅನ್ನುವುದೇ. ಅದರಲ್ಲಿ ಅಗೌರವ ಏನೂ ಇಲ್ಲ. ಆದರೆ ಹಾಳೆಯ ಮೇಲೆ ‘ಅಪ್ಪ ಬಂದ’ ಅಂತ ಬರೆಯಲು ಕೈ ಬರುತ್ತಲೇ ಇರಲಿಲ್ಲ. ಓದಿದವರು ಏನಂದುಕೊಳ್ಳುತ್ತಾರೆ? ಹೆಣ್ಣುಮಗಳು, ಅಪ್ಪನಿಗೆ ಏಕವಚನ!

ಮಂಗಳೂರಿನ ಹುಡುಗಿ, “ನಮ್ಮ ಮನೆಯಲ್ಲಿ ಅಪ್ಪ ಬಂದ್ರು ಅಂತಲೇ ಹೇಳೋದು. ನಾನು ಬಂದ ಅಂತ ಬರೆದರೆ ಅದೇ ಸುಳ್ಳಾಗುತ್ತೆ” ಅಂದಳು. ಮೇಡಂ ಹೌದು ಅಂದರು. ಅಂದರೆ ಇದಕ್ಕೆ ನಿಯಮ ಇಲ್ಲ. ಅವಳಿಗೆ ಸರಿಯಾದದ್ದು ನನಗೆ ತಪ್ಪು. ವ್ಯಾಕರಣ ಪುಸ್ತಕದಲ್ಲಿ ಗೌರವಕ್ಕೆ ಬಹುವಚನ ಅಂತ ಇದೆ, ಆದರೆ ನಿಮ್ಮ ಮನೆ ಹೊಸಿಲ ಒಳಗೆ ಏನು ಅಂತ ಅದು ಹೇಳುವುದಿಲ್ಲ.

ಎರಡು ತಿಂಗಳು ಒದ್ದಾಡಿದೆ. ಕೊನೆಗೆ ಅಕ್ಟೋಬರ್ ಕೊನೆಯಲ್ಲಿ ಒಂದು ರಾತ್ರಿ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಡೆದದ್ದನ್ನು ಬರೆಯಲು ಕೂತೆ. ನಮ್ಮ ಕಡೆ ಹಾಕುವುದು ಟಿಎಂವಿ-2 ಅನ್ನುವ ಹಳೇ ಗೊಂಚಲು ಶೇಂಗಾ. ಮುಂಗಾರಿಗೆ ಬಿತ್ತಿದರೆ ಸುಮಾರು 105ರಿಂದ 110 ದಿನಕ್ಕೆ ಕೀಳುವುದಕ್ಕೆ ಬರುತ್ತದೆ. ಕಿತ್ತು ಬಳ್ಳಿಯನ್ನು ಹೊಲದಲ್ಲೇ ಒಣಗಲು ಬಿಡುತ್ತೇವೆ. ಈ ತಳಿಯ ಬೀಜಕ್ಕೆ ನಿದ್ದೆ ಅನ್ನುವುದು ಇಲ್ಲ. ಕೆಲವು ತಳಿಯ ಬೀಜ ಕಿತ್ತ ಮೇಲೂ ವಾರಗಟ್ಟಲೆ ಮೊಳೆಯುವುದಿಲ್ಲ, ಇದು ಹಾಗಲ್ಲ. ತೇವ ಸಿಕ್ಕರೆ ಕಾಯಿಯ ಒಳಗೇ ಮೊಳಕೆ ಒಡೆಯುತ್ತದೆ. ಆ ವರ್ಷ ಕಿತ್ತು ಹಾಕಿದ ಮೇಲೆ ಚಿತ್ತೆ ಮಳೆ ಬಂತು. ಕುರುಡು ಚಿತ್ತೆ ಅನ್ನುತ್ತಾರೆ ಅದಕ್ಕೆ, ಎಲ್ಲಿ ಬೀಳುತ್ತದೆ ಅಂತ ಅದಕ್ಕೇ ಗೊತ್ತಿರುವುದಿಲ್ಲ. ನಾಲ್ಕು ದಿನ ಬಿಡಲಿಲ್ಲ.

ಬರೆಯುವ ಮೊದಲು ಅಮ್ಮನಿಗೆ ಫೋನ್ ಮಾಡಿ ರೈಟರ್ ಸಾಹೇಬ್ರ ಹಾಗೆ ವಿಚಾರಣೆ ಮಾಡಿದೆ. ಬಳ್ಳಿಗೆ ಎಷ್ಟು ಟಾರ್ಪಾಲು ಮುಚ್ಚಿದ್ದಿರಿ? ಎರಡು. ಅದರಲ್ಲಿ ಒಂದು ತೂತು. ಮನೆಯಲ್ಲಿ ಯಾರಿದ್ದರು? ಏನು ಅಡುಗೆ? ಅಮ್ಮನಿಗೆ ಅಡುಗೆ ನೆನಪಿತ್ತು, ಹುರುಳಿ ಸಾರು. ಆಮೇಲೆ ಬರೆದೆ. ಬರೆಯುತ್ತಾ ಹೋದಂತೆ ಈ ಎರಡು ವಾಕ್ಯ ಬಂದವು:

“ಅಪ್ಪ ಎರಡು ಕಾಯಿ ಬಿಡಿಸಿ ಅಂಗೈ ಮೇಲಿಟ್ಟುಕೊಂಡು ನೋಡಿದ. ಒಂದರಲ್ಲಿ ಬಿಳಿ ಬೇರು ಬಂದಿತ್ತು.”

‘ನೋಡಿದ’ ಅಂತ ಬರೆದಿದ್ದು ನನಗೆ ಗೊತ್ತಾಗಿದ್ದು ಮರುದಿನ ಓದಿದಾಗ. ‘ರು’ ಹಾಕೋಣ ಅಂತ ಪೆನ್ನು ತೆಗೆದೆ. ಹಾಕಿ ನೋಡಿದೆ. ‘ಅಪ್ಪ ನೋಡಿದರು’ ಅಂದ ಕೂಡಲೇ ಅಪ್ಪ ಗೋಡೆಯ ಮೇಲಿನ ಫೋಟೋ ಆಗಿಬಿಟ್ಟ, ಹಾರ ಹಾಕುವುದೊಂದು ಬಾಕಿ. ಹೊಡೆದುಹಾಕಿದೆ. ನನಗೆ ಸುಧಾರಿಸಿದ್ದೇನೆ ಅಂತ ಗೊತ್ತಾಗಿದ್ದು ಯಾವಾಗ ಅಂತ ಕೇಳಿದಿರಲ್ಲ, ಆ ‘ರು’ ಹೊಡೆದುಹಾಕಿದಾಗ. ಆ ಸಲ ಯಾರೂ ಹೇಳಿರಲಿಲ್ಲ, ಯಾರೂ ಗೆರೆ ಎಳೆದಿರಲಿಲ್ಲ. ನನ್ನ ಕಿವಿಗೇ ಕೇಳಿಸಿತು.

ಎಲ್ಲ ಸರಿಹೋಗಿದೆ ಅಂತ ಅಂದುಕೊಳ್ಳಬೇಡಿ. ಸಂಭಾಷಣೆ ಬರೆದರೆ ಎಲ್ಲರೂ ನನ್ನ ಹಾಗೇ ಮಾತಾಡುತ್ತಾರೆ. ಕೊನೆಯ ಪ್ಯಾರಾದಲ್ಲಿ ನೀತಿಬೋಧೆ ಮಾಡುವ ಚಾಳಿ ಇನ್ನೂ ಬಿಟ್ಟಿಲ್ಲ, ಅದಕ್ಕೆ ಮೇಡಂ “ಕೊನೇ ಪ್ಯಾರಾ ಮನೆಯಲ್ಲೇ ಬಿಟ್ಟು ಬನ್ನಿ” ಅಂತ ಹೇಳಿದ್ದಾರೆ. ಪರಿಷೆಯ ವಾರ ನಮ್ಮನ್ನೆಲ್ಲ ಬೀದಿಗೆ ಕಳಿಸಿ, ಒಂದೂ ವಿಶೇಷಣ ಇಲ್ಲದ ಹತ್ತು ವಾಕ್ಯ ತರಲು ಹೇಳಿದ್ದರು. ನನ್ನದರಲ್ಲಿ ನಾಲ್ಕು ಕಡೆ ‘ಸುಂದರ’ ಇತ್ತು. ಕಡಲೆಕಾಯಿ ರಾಶಿ ಸುಂದರ, ದೀಪ ಸುಂದರ, ಎಲ್ಲ ಸುಂದರ.

ನೀವು ಒಂದು ಕೆಲಸ ಮಾಡಿ. ಮೊದಲ ವಾರದ ಬರಹ ಎಸೆಯದೆ ಇಟ್ಟಿದ್ದರೆ ಈಗ ತೆಗೆದು ಜೋರಾಗಿ ಓದಿ. ತಿದ್ದಬೇಡಿ. ಸುಮ್ನೆ ಪೆನ್ಸಿಲ್ ಹಿಡಿದು ನಾಲಿಗೆ ತಡವರಿಸಿದ ಕಡೆ ಗೆರೆ ಎಳೆಯಿರಿ. ಹತ್ತು ಗೆರೆ ಬಿದ್ದರೆ ಆ ಹತ್ತು ಜಾಗ ಸೇರಿದ ಹೊಸದರಲ್ಲಿ ನಿಮಗೆ ಕಂಡಿರಲಿಲ್ಲ ಅಂತ ಅರ್ಥ.

ಮೊದಲ ಬರಹವನ್ನು ಜೂನ್‌ನಲ್ಲೇ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದ್ದೆ. ಪೂರ್ತಿ ಕೇಳಿ, “ಚೆನ್ನಾಗೈತೆ ಕಣವ್ವಾ, ಪೇಪರ್‌ನಾಗೆ ಬಂದಂಗೈತೆ” ಅಂದಿದ್ದ. ಮಳೆಯ ಬರಹವನ್ನು ಓದುವ ಧೈರ್ಯ ಬಂದಿದ್ದು ಹೋದ ವಾರ. ‘ಅಪ್ಪ ನೋಡಿದ’ ಅನ್ನುವ ಕಡೆ ನನ್ನ ದನಿ ಸ್ವಲ್ಪ ಇಳಿಯಿತು. ಅಪ್ಪ ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ. ಚೆನ್ನಾಗಿದೆ ಅಂತಲೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಮಳೆ ಹಿಡಿದಿದ್ದು ಸಂಜೆಗಲ್ಲ, ಮಧ್ಯಾಹ್ನ. ನಾನಿನ್ನೂ ಉಂಡಿರಲಿಲ್ಲ. ನಿಮ್ಮವ್ವ ಮುದ್ದೆ ತಂದು ಇಟ್ಟಿದ್ಲು, ಹಂಗೇ ಬಿಟ್ಟು ಓಡಿದೆ. ಅದನ್ಯಾಕೆ ಬರ್ದಿಲ್ಲ?” ಅಂದ.

ಬದಲಾಯಿಸಿದೆ. ಸಂಜೆ ತೆಗೆದು ಮಧ್ಯಾಹ್ನ ಮಾಡಿದೆ, ಮುದ್ದೆ ಸೇರಿಸಿದೆ. ಭಾನುವಾರ ತರಗತಿಯಲ್ಲಿ ಓದಿದೆ. ಓದಿ ಮುಗಿಸಿದ ಕೂಡಲೇ ರೈಟರ್ ಸಾಹೇಬ್ರು ಕೈ ಎತ್ತಿದರು.

“ಮಧ್ಯಾಹ್ನ ಅಂದ್ರೆ ಎಷ್ಟು ಗಂಟೆಗಮ್ಮ?”

ಇವತ್ತು ರಾತ್ರಿ ಮತ್ತೆ ಊರಿಗೆ ಫೋನ್ ಮಾಡಬೇಕು.